ಯಾವ ದಿನದ ಜೀಪು?

ಇರುವ ವಸ್ತುವನ್ನು ಇರುವಂತೆಯೇ ಚಿಕ್ಕದಾಗಿ ಮಾಡಿ ಇಟ್ಟುಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಏಕೆ ಹುಟ್ಟಿತೋ ಹೇಳುವುದು ಕಷ್ಟ. ಆಸೆಯಂತೂ ಹಳೆಯದು. ನವರಾತ್ರಿಯ ಗೊಂಬೆಗಳ ಮೆಟ್ಟಿಲಿನ ಮೇಲೆ ರಾಜರಾಣಿಯರ ಪಕ್ಕದಲ್ಲಿ ಸೆಟ್ಟಿಯ ಅಂಗಡಿಯೂ ಉಂಟು. ಅಂಗಡಿಯ ಮುಂದೆ ಅಕ್ಕಿಬೇಳೆಗಳ ಪುಟ್ಟ ರಾಶಿಯೂ ಉಂಟು. ಮಕ್ಕಳಾಗಲೆಂದು ಹರಕೆ ಹೊತ್ತವರು ದೇವರಿಗೆ ಬೆಳ್ಳಿಯ ತೊಟ್ಟಿಲನ್ನು ಒಪ್ಪಿಸುತ್ತಾರೆ. ಅದು ಅಂಗೈಯಲ್ಲಿ ಹಿಡಿಸುತ್ತದೆ. ಚನ್ನಪಟ್ಟಣದ ಬಣ್ಣದ ಬಂಡಿಯನ್ನು ದಾರಕಟ್ಟಿ ಎಳೆದಾಡಿದ ಮಕ್ಕಳಿಗೆ ಲೆಕ್ಕವಿಲ್ಲ. ಇವುಗಳಲ್ಲಿ ಯಾವುದನ್ನು ನೋಡಿದರೂ ‘ಇದು ನಿಜವೆ?’ ಎಂದು ನಾವು ಕೇಳುವುದಿಲ್ಲ. ಸೆಟ್ಟಿಯ ಹೊಟ್ಟೆ ಇನ್ನೂ ಸ್ವಲ್ಪ ಸಣ್ಣದಾಗಿರಬೇಕಿತ್ತೆಂದು ತಕರಾರು ತೆಗೆದವರನ್ನು ನಾನು ಕಂಡಿಲ್ಲ. ಆ ಗೊಂಬೆ ಯಾವೊಬ್ಬ ಸೆಟ್ಟಿಯೂ ಅಲ್ಲ. ಆದ್ದರಿಂದ ಯಾವ ಸೆಟ್ಟಿಗೂ ಅದು ಋಣಿಯಲ್ಲ.

ಆದರೆ ಒಂದು ಗೊತ್ತಾದ ವಸ್ತುವಿನ, ‘ಇದು ನಮ್ಮ ಮನೆಯದು’ ಎಂದು ಬೆರಳು ಮಾಡಿ ತೋರಿಸಬಹುದಾದ ವಸ್ತುವಿನ ಪ್ರತಿಕೃತಿಯನ್ನು ಮಾಡಹೊರಟಾಗ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಸತ್ಯದ ಪ್ರಶ್ನೆ ಬರುತ್ತದೆ. ಅದು ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಎಂಬುದನ್ನು ಈಚೆಗೆ ಒಂದು ಸಣ್ಣ ಜೀಪಿನಿಂದ ನಾನು ತಿಳಿದೆ.

ಜೀಪು ನನ್ನದಲ್ಲ, ನನ್ನ ಮಿತ್ರರದು. ಮೂಡಿಗೆರೆ ಸೀಮೆಯ ಕಾಫಿ ತೋಟದ ಮನೆತನದವರು. ಬೆಂಗಳೂರಿನಲ್ಲಿ ಇಂಜಿನಿಯರಾಗಿದ್ದು ಈಗ ನಿವೃತ್ತರು. ನಿವೃತ್ತರಾದವರು ಸಾಮಾನ್ಯವಾಗಿ ವೇದಾಂತಕ್ಕೋ ಸಕ್ಕರೆ ಕಾಯಿಲೆಗೋ ಶರಣಾಗುತ್ತಾರೆ. ಇವರು ಪ್ಲಾಸ್ಟಿಕ್ ಕಿಟ್ಟುಗಳಿಗೆ ಶರಣಾದರು. ಕಿಟ್ಟೆಂದರೆ ಒಂದು ಪೆಟ್ಟಿಗೆ. ಅದರೊಳಗೆ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ಬಿಡಿಭಾಗಗಳು. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಒಂದು ಲಾರಿಯೋ ವಿಮಾನವೋ ಆಗುತ್ತದೆ. ಇವರು ಮಾಡಹೊರಟದ್ದು ತಮ್ಮ ತಂದೆಯವರ ಜೀಪನ್ನು. ೧೯೬೬ರಲ್ಲಿ ಕೊಂಡದ್ದು, ೧೯೯೬ರಲ್ಲಿ ಗುಜರಿಗೆ ಹೋದದ್ದು. ತಂದೆಯವರು ಈಗಿಲ್ಲ. ಜೀಪಿನ ಎರಡು ಫೋಟೋಗಳು ಮಾತ್ರ ಉಳಿದಿವೆ.

ಕಾಫಿಯ ಬೆಟ್ಟಗಳಲ್ಲಿ ಜೀಪೆಂದರೆ ಏನೆಂಬುದನ್ನು ಬಯಲುಸೀಮೆಯ ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. ಬಾಬಾ ಬುಡನ್ ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಏಳು ಬೀಜ ತಂದರೆಂಬುದು ಹದಿನೇಳನೆಯ ಶತಮಾನದ ಐತಿಹ್ಯ. ಅಲ್ಲಿಂದ ಮುಂದೆ ಬಹುಕಾಲ ಬೆಟ್ಟದ ಕಾಫಿಯನ್ನು ಹೊತ್ತದ್ದು ಮನುಷ್ಯರ ತಲೆ, ಎತ್ತಿನ ಬೆನ್ನು, ಗಾಡಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೇರಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ತಯಾರಿಸಿದವು. ೧೯೪೭ರಿಂದ ನಮ್ಮಲ್ಲಿಯೇ ಮಹೀಂದ್ರ ಸಂಸ್ಥೆಯವರು ಅವನ್ನು ಜೋಡಿಸತೊಡಗಿದರು. ನಾಲ್ಕು ಚಕ್ರಗಳಿಗೂ ಶಕ್ತಿ ಹಾಯುವ ಈ ಗಾಡಿ, ಮಳೆಗಾಲದ ಕೆಸರಿನಲ್ಲಿ ಲಾರಿ ನಿಲ್ಲುವ ಜಾಗದಿಂದ ಮುಂದಕ್ಕೆ ಹೋಗುತ್ತಿತ್ತು. ಗೊಬ್ಬರ, ಅಕ್ಕಿ, ಸೀಮೆಣ್ಣೆಗಳನ್ನು ತರುವುದು ಅದೇ. ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದು ಅದೇ. ಕುಯ್ಲಿನ ಕಾಲದಲ್ಲಿ ಆಳುಗಳನ್ನೂ ಹಣ್ಣಿನ ಮೂಟೆಗಳನ್ನೂ ಹೊರುವುದು ಅದೇ. ೧೯೪೨ರ ಕಾಯಿದೆಯಿಂದ ಹುಟ್ಟಿದ ಕಾಫಿ ಮಂಡಳಿ ಬೆಳೆಗಾರರ ಕಾಫಿಯನ್ನೆಲ್ಲ ಒಂದೇ ಪೂಲಿಗೆ ತೆಗೆದುಕೊಳ್ಳುತ್ತಿದ್ದ ದಶಕಗಳಲ್ಲಿ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೊರಟ ಮೂಟೆ ಮೊದಲು ಹತ್ತುತ್ತಿದ್ದದ್ದೂ ಎಷ್ಟೋ ತೋಟಗಳಲ್ಲಿ ಜೀಪನ್ನೇ.

ಇಂಥ ಜೀಪನ್ನು ಮಾಡುವುದಕ್ಕೆ ನನ್ನ ಮಿತ್ರರಿಗೆ ಸಿಕ್ಕಿದ್ದು ಯುದ್ಧದ ಜೀಪಿನ ಕಿಟ್ಟು. ಒಂದಕ್ಕೆ ಇಪ್ಪತ್ತನಾಲ್ಕರ ಪ್ರಮಾಣ, ಎಂದರೆ ಒಂದು ಅಡಿಗೆ ಅರ್ಧ ಅಂಗುಲ. ಯುದ್ಧದ ವಾಹನಗಳ ಕಿಟ್ಟುಗಳಲ್ಲಿ ೧:೩೫ ಎಂಬ ವಿಚಿತ್ರ ಪ್ರಮಾಣವೇ ಹೆಚ್ಚು ಚಾಲ್ತಿಯಲ್ಲಿದೆ. ಜಪಾನಿನ ಟಮಿಯ ಕಂಪನಿಯವರು ೧೯೬೦ರ ದಶಕದ ಆರಂಭದಲ್ಲಿ ಒಂದು ಟ್ಯಾಂಕಿನ ಮಾದರಿ ಮಾಡಿದಾಗ, ಒಳಗೆ ಬ್ಯಾಟರಿಗಳು ಹಿಡಿಸಬೇಕೆಂದು ಅದರ ಗಾತ್ರವನ್ನು ನಿಗದಿ ಮಾಡಿದರಂತೆ. ಆಮೇಲೆ ಅಳೆದು ನೋಡಿದರೆ ಸುಮಾರು ಮೂವತ್ತೈದರಲ್ಲಿ ಒಂದಾಗಿತ್ತು. ಲೋಕದ ಎಷ್ಟೋ ಶಾಸ್ತ್ರಗಳು ಹೀಗೆಯೇ ಹುಟ್ಟಿರಬಹುದು.

ಯುದ್ಧದ ಜೀಪನ್ನು ತೋಟದ ಜೀಪಾಗಿ ಮಾಡುವುದು ಸುಲಭವಲ್ಲ. ಮೊದಲು ಬಾನೆಟ್ಟಿನ ಮೇಲಿನ ನಕ್ಷತ್ರ ಹೋಗಬೇಕು. ಪಕ್ಕಕ್ಕೆ ಕಟ್ಟಿದ ಕೊಡಲಿ, ಸಲಿಕೆ ಹೋಗಬೇಕು. ಅಮೆರಿಕದ ಸ್ಟಿಯರಿಂಗ್ ಎಡಗಡೆ. ಅದನ್ನು ಕಿತ್ತು ಬಲಕ್ಕೆ ಕೂರಿಸಿ ಕಾಲಿನ ಪೆಡಲುಗಳನ್ನೂ ಜರುಗಿಸಬೇಕು. ಮುಂದಿನ ಜಾಲರಿಯಲ್ಲಿ ಯುದ್ಧದ ಜೀಪಿಗೆ ಒಂಬತ್ತು ಸೀಳು, ನಾಗರಿಕ ಜೀಪಿಗೆ ಏಳು. ಅದರ ದೀಪಗಳು ಚಿಕ್ಕವು, ಇದರವು ದೊಡ್ಡವು. ಅದರ ಮುಂಗಾಜು ಎರಡು ಹೋಳು, ಇದರದು ಒಂದೇ. ಎಲ್ಲಕ್ಕಿಂತ ಹೆಚ್ಚಾಗಿ ಬಾನೆಟ್ಟು. ೧೯೫೩ರಲ್ಲಿ ವಿಲ್ಲೀಸ್ ಕಂಪನಿ ಹೊರತಂದ ‘ಸಿಜೆ–೩ಬಿ’ ಎಂಬ ಮಾದರಿಯ ಎಂಜಿನ್ನಿನಲ್ಲಿ ಗಾಳಿ ಎಳೆಯುವ ಕವಾಟಗಳು ಮೇಲಕ್ಕೆ ಬಂದವು, ಎಂಜಿನ್ನು ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎದ್ದು ನಿಂತಿತು. ನಮ್ಮ ದೇಶದ ದಾರಿಗಳಲ್ಲಿ ದಶಕಗಟ್ಟಲೆ ಓಡಾಡಿದ್ದು ಈ ಎತ್ತರದ ಹಣೆಯ ಜೀಪೇ. ನನ್ನ ಮಿತ್ರರು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಆ ಹಣೆಯನ್ನು ಕಟ್ಟಲು ಎರಡು ತಿಂಗಳು ತೆಗೆದುಕೊಂಡರು. ಕೊನೆಗೆ ಹಿಂದಿನ ಹಲಗೆ. ಯುದ್ಧದ ಜೀಪಿನ ಹಿಂಭಾಗ ತೆರೆಯುವುದಿಲ್ಲ. ಅಲ್ಲಿ ಹೆಚ್ಚಿನ ಚಕ್ರವೊಂದು ಕೂತಿರುತ್ತದೆ. ತೋಟದ ಜೀಪಿಗೆ ಹಿಂದೆ ಕೆಳಕ್ಕೆ ಮಡಿಸುವ ಹಲಗೆ ಉಂಟು. ತಗಡಿನದಾದರೂ ತೋಟದ ಮಾತಿನಲ್ಲಿ ಅದು ಹಲಗೆಯೇ. ಎರಡು ಪಕ್ಕದಲ್ಲಿಯೂ ಸರಪಳಿ. ಒಂದು ಗಿಲೀಟಿನ ಕುತ್ತಿಗೆ ಸರವನ್ನು ಕೊಂಡು ತಂದು ಆ ಸರಪಳಿಯನ್ನು ಮಾಡಿದರು. ನೋಡಿದವರೆಲ್ಲ ಮೊದಲು ಹೊಗಳಿದ್ದು ಆ ಸರಪಳಿಯನ್ನೇ.

ಈ ಕೆಲಸದಲ್ಲಿ ಒಂದು ತಮಾಷೆಯಿದೆ. ನಿಜವಾದದ್ದನ್ನು ತಂದು ಇಟ್ಟರೆ ಅದು ಸುಳ್ಳಾಗಿ ಕಾಣುತ್ತದೆ. ತೋಟದಿಂದಲೇ ಕೆಮ್ಮಣ್ಣು ತಂದು, ಮಲ್ಲಿನ ಬಟ್ಟೆಯಲ್ಲಿ ಸೋಸಿ, ಮಡ್‌ಗಾರ್ಡಿನ ಕೆಳಗೆ ಹಚ್ಚಿದರು. ಮಣ್ಣಿನ ಕಣಗಳು ಜಲ್ಲಿ ಕಲ್ಲಿನ ಹಾಗೆ ಕಂಡವು. ಬಣ್ಣದ ಪುಡಿಯಿಂದ ಮಾಡಿದ ಸುಳ್ಳು ಕೆಸರೇ ಕೆಸರಾಗಿ ಕಂಡಿತು. ಟಾರ್ಪಾಲಿಗೆ ಬಟ್ಟೆ ಹಾಕಿದರೆ ಗೋಣಿಯಾಯಿತು. ಅಂಟುನೀರಿನಲ್ಲಿ ಅದ್ದಿದ ತೆಳು ಕಾಗದವೇ ಟಾರ್ಪಾಲಾಯಿತು. ಜೀಪಿನ ಬಣ್ಣವನ್ನೇ ಹಚ್ಚಿದರೆ ಕಪ್ಪಾಗಿ ಕಾಣುತ್ತದೆಂದು ಅದಕ್ಕೆ ಬಿಳಿ ಬೆರೆಸಿ ತಿಳಿ ಮಾಡಬೇಕಾಯಿತು. ತೂಕದ ಮಾತಂತೂ ಕೇಳಲೇಬೇಡಿ. ಉದ್ದ ಇಪ್ಪತ್ತನಾಲ್ಕರಲ್ಲಿ ಒಂದಾದರೆ ತೂಕ ಸುಮಾರು ಹದಿನಾಲ್ಕು ಸಾವಿರದಲ್ಲಿ ಒಂದು. ಟನ್ನಿಗೂ ಮೀರಿ ತೂಗುವ ಜೀಪು ಲೆಕ್ಕದ ಪ್ರಕಾರ ಎಂಬತ್ತು ಗ್ರಾಂ ತೂಗಬೇಕು. ಐವತ್ತು ಕಿಲೋ ಮೂಟೆ ಮೂರೂವರೆ ಗ್ರಾಂ. ಹಾಗಾದರೆ ಪ್ರತಿಕೃತಿಯ ಸತ್ಯ ಎಲ್ಲಿದೆ? ಪದಾರ್ಥದಲ್ಲಿಲ್ಲ, ಬಣ್ಣದಲ್ಲಿಲ್ಲ, ತೂಕದಲ್ಲಿಲ್ಲ. ನೋಡುವವನ ಕಣ್ಣಿನಲ್ಲಿದೆ ಎನ್ನೋಣವೆ? ಜೀಪನ್ನು ಎಂದೂ ನೋಡದ ಕಣ್ಣಿಗೆ ಯಾವ ಜೀಪಾದರೂ ಒಂದೇ.

ಗಾಡಿಯೊಂದನ್ನು ಮುಂದಿಟ್ಟುಕೊಂಡು ಇಂಥ ಪ್ರಶ್ನೆ ಕೇಳಿದವರಲ್ಲಿ ನಾವು ಮೊದಲಿಗರಲ್ಲ. ಬೌದ್ಧರ ‘ಮಿಲಿಂದಪನ್ಹ’ದಲ್ಲಿ ನಾಗಸೇನ ಭಿಕ್ಷು ಯವನರಾಜ ಮಿಲಿಂದನನ್ನು ಕೇಳುತ್ತಾನೆ: ರಥದಲ್ಲಿ ಬಂದೆಯಷ್ಟೆ, ರಥವೆಂದರೆ ಯಾವುದು? ಮೂಕಿಯೆ, ಅಚ್ಚೆ, ಚಕ್ರವೆ? ಒಂದೂ ಅಲ್ಲ, ಎಲ್ಲವೂ ಕೂಡಿದಾಗ ‘ರಥ’ ಎಂಬ ಹೆಸರು. ಗ್ರೀಕರಲ್ಲಿ ಪ್ಲುಟಾರ್ಕ್ ಥೀಸಿಯಸ್ಸನ ಹಡಗಿನ ಮಾತು ಹೇಳುತ್ತಾನೆ. ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಹಾಕುತ್ತ ಹೋದ ಹಡಗು ಅದೇ ಹಡಗೆ ಎಂದು ಅಥೆನ್ಸಿನ ತಾರ್ಕಿಕರು ಜಗಳವಾಡುತ್ತಿದ್ದರಂತೆ. ತೋಟದ ಜೀಪನ್ನು ಕಂಡಿದ್ದರೆ ಅವರ ಜಗಳ ಇನ್ನೂ ಬಿಸಿಯೇರುತ್ತಿತ್ತು. ೧೯೮೫ರಲ್ಲಿ ನನ್ನ ಮಿತ್ರರ ಮನೆಯ ಜೀಪಿನ ಪೆಟ್ರೋಲ್ ಎಂಜಿನ್ನನ್ನು ತೆಗೆದು ಡೀಸೆಲ್ ಎಂಜಿನ್ನು ಕೂರಿಸಿದರು. ಅಷ್ಟು ಹೊತ್ತಿಗೆ ನೆಲದ ತಗಡು ಎರಡು ಸಲ, ಟಾರ್ಪಾಲು ಐದಾರು ಸಲ ಬದಲಾಗಿದ್ದವು. ಆದರೂ ಮನೆಯವರ ಬಾಯಲ್ಲಿ ಅದು ಅದೇ ಜೀಪು.

ನಾಗಸೇನನ ವಾದ ದೊಡ್ಡ ಜೀಪಿಗೆ ಒಪ್ಪುತ್ತದೆ. ದೊಡ್ಡ ಜೀಪು ಮೂವತ್ತು ವರ್ಷ ಬದಲಾಗುತ್ತಲೇ ತಾನೇ ತಾನಾಗಿ ಉಳಿಯಿತು. ಮನೆಯವರ ನೆನಪಿನಲ್ಲಿಯೂ ಈ ಮೂವತ್ತು ವರ್ಷಗಳು ಒಂದರ ಮೇಲೊಂದು ಕೂತಿವೆ; ಹೊಸ ಬಣ್ಣದ ಜೀಪೂ ತುಕ್ಕು ಹಿಡಿದ ಜೀಪೂ ಅಲ್ಲಿ ಒಟ್ಟಿಗೇ ಇವೆ, ಜಗಳವಿಲ್ಲ. ಸಣ್ಣ ಜೀಪಿಗೆ ಆ ಸ್ವಾತಂತ್ರ್ಯವಿಲ್ಲ. ಅದಕ್ಕೆ ಒಂದು ತಾರೀಖು ಬೇಕು. ಈ ಗೀರು ಇದ್ದ ದಿನವೋ ಇಲ್ಲದ ದಿನವೋ, ಈ ಟಾರ್ಪಾಲು ಹಾಕಿದ ವರ್ಷವೋ ಅದರ ಹಿಂದಿನದೋ, ಮಾಡುವವನು ಎಲ್ಲಿಯಾದರೂ ನಿಲ್ಲಬೇಕು. ಮಾಡುವವನಿಗೆ ತಿಳಿಯದಿದ್ದರೂ ಅವನ ಕೈ ಒಂದು ದಿನವನ್ನು ಆರಿಸಿಯೇ ಇರುತ್ತದೆ. ನನ್ನ ಮಿತ್ರರ ಕೈ ಆರಿಸಿದ್ದು ೧೯೮೩ರ ಒಂದು ದಿನವನ್ನು. ಏಕೆಂದರೆ ಇದ್ದ ಎರಡು ಫೋಟೋಗಳಲ್ಲಿ ಒಂದು ಆಯುಧಪೂಜೆಯಂದು ಮುಂದಿನಿಂದ ತೆಗೆದದ್ದು, ಹಾರ ಹಾಕಿಸಿಕೊಂಡ ಮುಖ ಮಾತ್ರ ಕಾಣುತ್ತದೆ. ಇನ್ನೊಂದು ಅಣ್ಣನ ಮದುವೆಯ ಮರುದಿನದ್ದು: ನೆಂಟರ ಮಕ್ಕಳು ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಸಾಲಾಗಿ ಕೂತಿದ್ದಾರೆ. ಜೀಪಿನ ಬೆನ್ನು ಕಾಣುವುದು ಇದೊಂದರಲ್ಲಿಯೇ. ಜೀಪಿನ ಬೆನ್ನನ್ನು ಯಾರು ಫೋಟೋ ತೆಗೆಯುತ್ತಾರೆ? ಮನೆಯವರು ಕೂರುತ್ತಿದ್ದದ್ದು ಮುಂದೆ.

ಹಿಂದೆ ಕೂರುತ್ತಿದ್ದವರು ಬೇರೆ. ಅವರಲ್ಲಿ ಒಬ್ಬರು ಘಟ್ಟದ ಕೆಳಗಿನಿಂದ ಕುಯ್ಲಿನ ಕೆಲಸಕ್ಕೆ ಬಂದು ಲೈನಿನಲ್ಲಿಯೇ ನಿಂತ ಹೆಣ್ಣುಮಗಳು. ೧೯೭೯ರ ಜನವರಿಯಲ್ಲಿ ಒಂದು ಸಂಜೆ, ದೂರದ ತೋಟದಿಂದ ಹಣ್ಣಿನ ಮೂಟೆಗಳ ಜೊತೆಗೆ ಬರುತ್ತಿದ್ದಾಗ, ಏರಿನಲ್ಲಿ ಜೀಪಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಆಮೇಲೆ ಕುಂಟುತ್ತಲೇ ಇದ್ದರು. ಕಣದಲ್ಲಿ ಕಾಫಿ ಹರಡುವ, ಹೆಕ್ಕುವ ಕೆಲಸ ಕೊಟ್ಟರು. ಆಸ್ಪತ್ರೆಯ ಖರ್ಚನ್ನು ಮನೆಯವರೇ ಕೊಟ್ಟರು. ಮನೆಯಲ್ಲಿ ಈ ಕಥೆಯನ್ನು ಹೇಳುವುದು ಒಂದೇ ವಾಕ್ಯದಲ್ಲಿ: ‘ಅಂಚಿನಲ್ಲಿ ಕೂತು ಹರಟುತ್ತಿದ್ದಳು, ಬಿದ್ದಳು.’ ಮಿತ್ರರು ಆಗ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಹುಡುಗ. ಅವರಿಗೆ ತಿಳಿದದ್ದೂ ಆ ಒಂದು ವಾಕ್ಯವೇ.

ಕಳೆದ ವರ್ಷ ಅವರು ಊರಿಗೆ ಹೋದಾಗ ಸಣ್ಣ ಜೀಪನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ದರು. ಹಳೆಯ ಡ್ರೈವರಿಗೆ ತೋರಿಸಬೇಕೆಂಬ ಆಸೆ. ಡ್ರೈವರು ಈಗ ಕಳಸದಲ್ಲಿ ಮಗನ ಮನೆಯಲ್ಲಿದ್ದಾರೆ. ಮುದುಕರು ಕನ್ನಡಕ ಹಾಕಿಕೊಂಡು ಮುಂದಿನಿಂದ ನೋಡಿ ನಕ್ಕರು. ಗೇರಿನ ಕೋಲು ಇನ್ನೂ ಸ್ವಲ್ಪ ಬಾಗಿತ್ತೆಂದರು. ತಿರುಗಿಸಿ ಹಿಂದೆ ನೋಡಿ ಸುಮ್ಮನಾದರು. ಆಮೇಲೆ, “ಇದನ್ನ ಅವಳಿಗೆ ತೋರಿಸಿದ್ರಾ ಸಣ್ಣಯ್ಯ?” ಎಂದರು. ಆಕೆಯ ಮನೆ ಅಲ್ಲಿಂದ ಎರಡು ಮೈಲಿ. ಮಿತ್ರರು ಹೋದರು. ಚಿಕ್ಕಂದಿನಲ್ಲಿ ಹೆಸರು ಹಿಡಿದು ಕೂಗುತ್ತಿದ್ದವರನ್ನು ಈಗ ಏನೆಂದು ಕರೆಯಬೇಕೆಂದು ತೋಚದೆ ‘ಅಮ್ಮಾ’ ಎಂದರಂತೆ. ಆಕೆ ಜೀಪನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿ, ಬೆರಳಿನ ತುದಿಯಿಂದ ಆ ಗಿಲೀಟಿನ ಸರಪಳಿಯನ್ನು ಮುಟ್ಟಿ ಹೇಳಿದರು: “ಇದೆಲ್ಲಿತ್ತು ಅಯ್ಯಾ? ಆಗ ಹಗ್ಗ ಅಲ್ವಾ ಕಟ್ಟಿದ್ದು. ಸರಪಳಿ ಹಾಕಿಸಿದ್ದು ನಾನು ಬಿದ್ದ ಮೇಲೆ.”

ಡ್ರೈವರನ್ನು ಮತ್ತೆ ಕೇಳಿದ್ದಕ್ಕೆ ಅವರೂ ಹೇಳಿದರು. ಒಂದು ಪಕ್ಕದ ಸರಪಳಿ ಮಳೆಗಾಲದಲ್ಲಿಯೇ ತುಂಡಾಗಿತ್ತು. “ಮೂರು ಸಲ ಹೇಳಿದ್ದೆ, ಸರಪಳಿ ತರಿಸಿ ಅಂತ. ಕುಯ್ಲು ಮುಗೀಲಿ ಅಂದ್ರು ದೊಡ್ಡಯ್ಯ.” ದೊಡ್ಡಯ್ಯ ಎಂದರೆ ನನ್ನ ಮಿತ್ರರ ತಂದೆ, ಯಾರ ನೆನಪಿಗಾಗಿ ಈ ಜೀಪನ್ನು ಮಾಡಹೊರಟರೋ ಅವರು.

ಇಲ್ಲಿಂದ ಮುಂದೆ ಅದು ಹವ್ಯಾಸದ ಮಾತಾಗಿ ಉಳಿಯಲಿಲ್ಲ. ಸರಪಳಿಯನ್ನು ಇಡುವುದೋ, ತೆಗೆದು ಹಗ್ಗ ಕಟ್ಟುವುದೋ? ಮಿತ್ರರ ಅಣ್ಣನವರು ಕಟುವಾಗಿಯೇ ಹೇಳಿದರು: “ಷೋಕೇಸಿನಲ್ಲಿಡುವ ಆಟಿಕೆಯ ಕೈಲಿ ಅಪ್ಪನ ಮೇಲೆ ಸಾಕ್ಷಿ ಹೇಳಿಸ್ತೀಯೇನೋ?” ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸತ್ತವರು ಉತ್ತರ ಕೊಡಲಾರರು. ಆ ಸರಪಳಿಯೂ ಸುಳ್ಳಲ್ಲ. ೧೯೮೩ರಲ್ಲಿ ಅದು ಇತ್ತು, ಫೋಟೋ ಇದೆ. ನಿಜವಾದ ಒಂದು ದಿನದ ನಿಜವಾದ ಜೀಪು ಅದು. ಮಗನಾದವನು ತಂದೆಯ ಒಳ್ಳೆಯ ದಿನವನ್ನು ಆರಿಸಿಕೊಂಡರೆ ಯಾವ ನ್ಯಾಯಾಲಯ ಅವನನ್ನು ಕರೆಸುತ್ತದೆ? ನಾವೆಲ್ಲರೂ ಮಾಡುವುದು ಅದನ್ನೇ. ಗೋಡೆಯ ಮೇಲಿನ ತಂದೆಯವರ ಫೋಟೋ ಅವರು ಸಿಟ್ಟಾಗಿದ್ದ ದಿನದ್ದಲ್ಲ.

ಇನ್ನೊಂದು ಆಕ್ಷೇಪವನ್ನು ನಾನೇ ಎತ್ತಿದೆ. ಈ ಹವ್ಯಾಸದ ಜನಕ್ಕೆ ತುಕ್ಕು, ಗೀರು, ನೆಗ್ಗುಗಳೆಂದರೆ ಬಹಳ ಪ್ರೀತಿ. ಮುಪ್ಪನ್ನು ಚೆನ್ನಾಗಿ ಹಚ್ಚಿದವನೇ ನಿಪುಣ. ಹಗ್ಗವನ್ನು ಕಟ್ಟಿದರೆ ನೋಡಿದವರು, ‘ಆಹಾ, ಎಷ್ಟು ಸಹಜ! ತೋಟದ ಜೀಪೆಂದರೆ ಹೀಗೇ ಇರಬೇಕು’ ಎನ್ನುತ್ತಾರೆ. ಒಬ್ಬ ಹೆಣ್ಣುಮಗಳ ಸೊಂಟ ಮುರಿದದ್ದು ಮಾಡಿದವನ ಕೈಚಳಕಕ್ಕೆ ಇನ್ನೊಂದು ಅಂಕವಾಗುತ್ತದೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದಲ್ಲವೆ?

ಆದರೂ ಯೋಚಿಸುತ್ತ ಹೋದಂತೆ ನನ್ನ ಒಲವು ಹಗ್ಗದ ಕಡೆಗೇ ತಿರುಗಿತು. ಕಾರಣ ಹೇಳುತ್ತೇನೆ. ಆಕೆಗೆ ಆಗಬೇಕಾಗಿದ್ದ ನ್ಯಾಯ ಈ ಜೀಪಿನಿಂದ ಆಗುವುದಿಲ್ಲ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ ನಮ್ಮಲ್ಲಿ ೧೯೨೩ರಿಂದಲೂ ಇತ್ತು. ತೋಟದ ಕೆಲಸಗಾರರ ವಸತಿ, ಔಷಧೋಪಚಾರಗಳನ್ನು ಕುರಿತ ಕಾಯಿದೆ ೧೯೫೧ರಲ್ಲಿ ಬಂದಿತು. ಹರಟುತ್ತ ಕೂತಿದ್ದಳು ಎಂಬ ನೆಪ ಆ ಮೊದಲನೆಯ ಕಾಯಿದೆಯ ಮುಂದೆ ನಿಲ್ಲುತ್ತಿರಲಿಲ್ಲ. ಆದರೆ ಕಾಯಿದೆಯ ತನಕ ಯಾರೂ ಹೋಗಲಿಲ್ಲ, ವಾಕ್ಯವೊಂದೇ ಉಳಿಯಿತು. ಆಕೆಯ ನಲವತ್ತೈದು ವರ್ಷಗಳ ಮೇಲೆ ಕೂತಿರುವುದು ಆ ವಾಕ್ಯ. ಸರಪಳಿಯ ಜೀಪು ಷೋಕೇಸಿನಲ್ಲಿ ಕೂತಿರುವಷ್ಟು ದಿನವೂ ಅದು ಮೌನವಾಗಿ ಆ ವಾಕ್ಯವನ್ನೇ ಹೇಳುತ್ತದೆ: ಹಲಗೆ ಭದ್ರವಾಗಿತ್ತು, ಬಿದ್ದವಳು ತಾನೇ ಬಿದ್ದಳು. ತಿಳಿಯದೆ ಹೇಳಿದ್ದರೆ ಅದು ಬೇರೆ. ಈಗ ತಿಳಿದಿದೆ. ೧೯೮೩ರ ಫೋಟೋದಲ್ಲಿ ಮದುವೆಗೆ ಬಂದ ಮಕ್ಕಳು ಧೈರ್ಯವಾಗಿ ಹಲಗೆಯ ಮೇಲೆ ಕೂರುವುದಕ್ಕೆ ಸಾಧ್ಯವಾದದ್ದೇ ನಾಲ್ಕು ವರ್ಷದ ಹಿಂದೆ ಇನ್ನೊಬ್ಬರು ಬಿದ್ದದ್ದರಿಂದ. ಅದಕ್ಕೊಂದು ಚೀಟಿ ಬರೆದು ಅಂಟಿಸಿದರೆ ಸಾಲದೆ ಎಂದು ಮಿತ್ರರು ಕೇಳಿದರು. ಚೀಟಿಯನ್ನು ಯಾರೂ ಓದುವುದಿಲ್ಲ. ಎರಡನೆಯ ವರ್ಷ ಅದು ಉದುರುತ್ತದೆ.

ತಂದೆಯವರ ವಿಷಯದಲ್ಲಿ ನನಗೆ ದಾರಿ ಕಂಡದ್ದು ಡ್ರೈವರು ಹೇಳಿದ ಇನ್ನೊಂದು ಸಂಗತಿಯಿಂದ. ಆ ಸಂಜೆ ಡ್ರೈವರಿನ ಕೈ ನಡುಗುತ್ತಿತ್ತು. ತಂದೆಯವರು ಅವರನ್ನು ಪಕ್ಕಕ್ಕೆ ಸರಿಸಿ ತಾವೇ ಸ್ಟಿಯರಿಂಗ್ ಹಿಡಿದರು. ಗಾಯಗೊಂಡ ಹುಡುಗಿಯನ್ನು ಹಿಂದೆ ಹುಲ್ಲಿನ ಮೇಲೆ ಮಲಗಿಸಿ, ಇಬ್ಬರು ಹೆಂಗಸರನ್ನು ಪಕ್ಕದಲ್ಲಿ ಕೂರಿಸಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ಕತ್ತಲಲ್ಲಿ ಇಳಿದು, ಬೆಳಗಾಗುವುದರೊಳಗೆ ಮಂಗಳೂರಿನ ಆಸ್ಪತ್ರೆ ಮುಟ್ಟಿಸಿದರು. ಮೂರು ದಿನ ಅಲ್ಲಿಯೇ ಇದ್ದರಂತೆ. ಮಗ ನೆನಪಿಟ್ಟುಕೊಳ್ಳಬೇಕೆಂದು ಬಯಸುವ ತಂದೆ ಇವರೇ ಅಲ್ಲವೆ? ಆದರೆ ಘಾಟಿಯನ್ನು ಇಳಿದದ್ದು ಸರಪಳಿಯ ಜೀಪಲ್ಲ, ಹಗ್ಗದ ಜೀಪು. ಮುರಿದ ಸರಪಳಿಯನ್ನು ಕುಯ್ಲು ಮುಗಿಯಲೆಂದು ತಳ್ಳಿದ ಯಜಮಾನರೂ ಆ ರಾತ್ರಿ ಗಾಡಿ ಹೊಡೆದ ಮನುಷ್ಯರೂ ಒಂದೇ ಸೀಟಿನಲ್ಲಿ ಕೂತಿದ್ದರು. ೧೯೮೩ನ್ನು ಆರಿಸಿದರೆ ಮೊದಲನೆಯವರು ಮರೆಯಾಗುತ್ತಾರೆ. ಅವರ ಜೊತೆಗೆ ಎರಡನೆಯವರೂ ಮರೆಯಾಗುತ್ತಾರೆ. ಅಣ್ಣನವರಿಗೆ ಈ ಮಾತನ್ನು ಹೇಳಿದಾಗ ಅವರು ಒಪ್ಪಿದೆನೆನ್ನಲಿಲ್ಲ. ಆ ರಾತ್ರಿ ಅಪ್ಪ ಹೋದದ್ದು ತಮಗೂ ನೆನಪಿದೆ, ಕಂಬಳಿ ತಂದು ಕೊಟ್ಟವನು ತಾನೇ ಎಂದರು.

ಗಿಲೀಟಿನ ಸರಪಳಿಯನ್ನು ಒಂದು ಪಕ್ಕದಿಂದ ಈಗ ತೆಗೆದಾಗಿದೆ. ಮುಕ್ಕಾಲು ಅಂಗುಲದ ನಾರಿನ ಹಗ್ಗವೆಂದರೆ ಈ ಪ್ರಮಾಣದಲ್ಲಿ ಒಂದು ಮಿಲಿಮೀಟರಿಗೂ ಕಡಮೆ. ಹೊಲಿಗೆಯ ದಾರವನ್ನು ಹುರಿಮಾಡಿ ಚಹಾದ ಕಷಾಯದಲ್ಲಿ ಅದ್ದಿದರೆ ಬಣ್ಣ ಸರಿಯಾಗಿ ಬರುತ್ತದೆಂದು ಮಿತ್ರರು ಕಂಡುಕೊಂಡಿದ್ದಾರೆ. ಗಂಟು ಹೇಗಿತ್ತೆಂಬುದು ಮಾತ್ರ ಗೊತ್ತಾಗಬೇಕು. ಹಾಕಿದವರು ಡ್ರೈವರೇ. ಆಕೆಯೂ ನೋಡಿದ್ದಾರೆ. ಮಳೆ ನಿಂತ ಮೇಲೆ ಮತ್ತೆ ಕಳಸಕ್ಕೆ ಹೋಗುವುದಿದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕೆಂದಿದ್ದಾರೆ.